ಅಪ್ಪನ ರಿಪೇರಿ ಅಂಗಡಿಯ ಕೆಟ್ಟ ಸೆಟ್ಟುಗಳಿಂದ ಒಂದು ಧ್ವನಿ ಪ್ರದರ್ಶನ: ಮಂಡ್ಯ, ಮೈಸೂರಿನವರು ಸಲಹೆ ಕೊಡಿ

ಮಂಡ್ಯ_ರಿಪೇರಿ
ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಮಂಡ್ಯದ ಪೇಟೆ ಬೀದಿ ಹತ್ತಿರ ನಮ್ಮಪ್ಪನದೊಂದು ರೇಡಿಯೋ, ಟಿವಿ ರಿಪೇರಿ ಅಂಗಡಿ ಇದೆ. ಮೂವತ್ತೆರಡು ವರ್ಷ ನಡೆಸಿದರು. ಸರ್ಕ್ಯೂಟ್ ಬೋರ್ಡಿನ ಬಿಡಿಭಾಗಗಳ ಸಣ್ಣ ಕಾಲುಗಳು ಕಣ್ಣಿಗೆ ಕಾಣಿಸುತ್ತಿಲ್ಲ ಅಂತ ಎರಡು ವರ್ಷದಿಂದ ಬಾಗಿಲು ಹಾಕಿದೆ. ಮುಂದಿನ ತಿಂಗಳ ಕೊನೆಗೆ ಮಳಿಗೆ ಖಾಲಿ ಮಾಡಿಕೊಡಬೇಕು.

ಒಳಗಿರುವುದೆಲ್ಲ ರಿಪೇರಿಗೆ ಕೊಟ್ಟು ಮತ್ತೆ ಬಾರದವರ ಸಾಮಾನು. 19 ಟೇಪ್ ರೆಕಾರ್ಡರ್, 7 ಟಿವಿ, ಎಣಿಸಲಾಗದಷ್ಟು ರೇಡಿಯೋ, ಎರಡು ಹಳೇ ಕಂಪ್ಯೂಟರ್, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿದೆ. ಚೀಟಿಯಲ್ಲಿ ಊರಿನ ಹೆಸರು, ಏನು ಕೆಟ್ಟಿದೆ ಅನ್ನುವುದು, ಅಡ್ವಾನ್ಸ್ ಎಷ್ಟು ಅನ್ನುವುದು. ಅಷ್ಟೆ.

ಹೋದ ವಾರ ಧೂಳು ಹೊಡೆಯುವಾಗ ಸುಮ್ನೆ ಒಂದು ಟೇಪ್ ರೆಕಾರ್ಡರ್ ಪ್ಲಗ್ ಹಾಕಿ ಪ್ಲೇ ಒತ್ತಿದೆ. ಕ್ಯಾಸೆಟ್ ಇರಲಿಲ್ಲ. ಮೋಟರ್ ಮಾತ್ರ ತಿರುಗಿತು. ಒಂದು ಸಣ್ಣ ಗುಂಯ್, ಅದರ ಮೇಲೆ ಚರ್, ಚರ್, ಚರ್. ಅಪ್ಪ ಹೊರಗೆ ಜಗಲಿ ಮೇಲೆ ಕೂತಿದ್ದರು. ಅಲ್ಲಿಂದಲೇ ಹೇಳಿದರು: "ಅದು ಮದ್ದೂರಿನ ಮೇಷ್ಟ್ರ ಸೆಟ್ಟು. ಬೆಲ್ಟ್ ಸಡಿಲ." ಚೀಟಿ ನೋಡಿದೆ. ಮದ್ದೂರು ಅಂತಲೇ ಇತ್ತು.

ಆಮೇಲೆ ಎರಡು ಗಂಟೆ ಅದೇ ಆಟ. ನಾನು ಒಂದೊಂದೇ ಸೆಟ್ ಹಾಕುವುದು, ಅವರು ಹೊರಗಿನಿಂದ ಊರು, ರೋಗ ಎರಡೂ ಹೇಳುವುದು. ಹದಿನಾರು ಸೆಟ್ಟಿನಲ್ಲಿ ಹದಿಮೂರು ಸರಿ.

ಖಾಲಿ ಮಾಡುವ ಮೊದಲು ಅಂಗಡಿಯಲ್ಲೇ ಮೂರು ಸಂಜೆ ಜನರನ್ನು ಕರೆದು ಇದನ್ನು ಕೇಳಿಸಬೇಕು ಅಂತ ನನ್ನಾಸೆ. ಎಲ್ಲ ಸಾಮಾನೂ ಅದರದರ ದನಿಯಲ್ಲಿ ಮಾತಾಡಬೇಕು. ಹೊರದೇಶಗಳಲ್ಲಿ ಇಂಥ ಕೆಲಸ ಮಾಡುವ ಕಲಾವಿದರು ಇದ್ದಾರೆ ಅಂತ ಓದಿದ್ದೇನೆ. ನಾನು ಕಾಮರ್ಸ್ ಓದಿದವಳು. ಸೋಲ್ಡರಿಂಗ್ ಮಾತ್ರ ಚಿಕ್ಕಂದಿನಿಂದ ಗೊತ್ತು. ಏನು ಮುಟ್ಟಬಹುದು, ಏನು ಮುಟ್ಟಬಾರದು? ಸಣ್ಣ ಸದ್ದನ್ನು ದೊಡ್ಡದು ಮಾಡುವುದು ಹೇಗೆ? ಪ್ರದರ್ಶನ ಮುಗಿದ ಮೇಲೆ ಇದನ್ನೆಲ್ಲ ಎಲ್ಲಿಗೆ ಕಳಿಸಬೇಕು? ತಿಳಿದವರು ಹೇಳಿ.


ಸ್ಟೆಪರ್_ಮೋಟರ್
ಭಾನುವಾರ, ರಾತ್ರಿ 10.15

ಅಕ್ಕ, ಓದಿ ನಿದ್ದೆ ಹಾರಿಹೋಯಿತು. ನಾನು ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಮೂರನೇ ವರ್ಷ ಓದುತ್ತಿದ್ದೇನೆ. ಆ ಹಳೇ ಕಂಪ್ಯೂಟರಿನಲ್ಲಿ ಫ್ಲಾಪಿ ಡ್ರೈವ್ ಇದ್ದರೆ ಬಿಸಾಡಬೇಡಿ!

ಫ್ಲಾಪಿ ಡ್ರೈವಿನಲ್ಲಿ ಡಿಸ್ಕ್ ಓದುವ ಹೆಡ್ ಒಂದು ಸ್ಟೆಪರ್ ಮೋಟರ್, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್ ಮೇಲೆ ಓಡುತ್ತದೆ. ಒಂದು ಪಲ್ಸ್ (ಕರೆಂಟಿನ ಒಂದು ಸಣ್ಣ ತಟ್ಟು) ಕೊಟ್ಟರೆ ಒಂದು ಹೆಜ್ಜೆ, ಒಂದು ಟಕ್. ಸೆಕೆಂಡಿಗೆ 150 ಪಲ್ಸ್ ಕೊಟ್ಟರೆ 150 ಟಕ್ ಸೇರಿ ಒಂದು ಸ್ವರ ಆಗುತ್ತದೆ. ಪಲ್ಸ್ ಜಾಸ್ತಿ ಮಾಡಿದರೆ ಸ್ವರ ಮೇಲೇರುತ್ತದೆ. ಆದರೆ ಹೆಡ್ ಹೋಗುವ ದಾರಿ 80 ಹೆಜ್ಜೆ ಅಷ್ಟೆ. 150ರಲ್ಲಿ ಹೊಡೆದರೆ ಅರ್ಧ ಸೆಕೆಂಡಿಗೇ ಗೋಡೆ ಮುಟ್ಟುತ್ತದೆ. ಅಷ್ಟರೊಳಗೆ ಹಿಂದಕ್ಕೆ ತಿರುಗಿಸಬೇಕು. ಆ ತಿರುಗುವ ಜಾಗದಲ್ಲಿ ಒಂದು ಸಣ್ಣ ಬಿಕ್ಕಳಿಕೆ ಬರುತ್ತದೆ. ನನಗೆ ಅದೇ ಇಷ್ಟ.

ಪೋಲೆಂಡಿನ ಪಾವೆಲ್ ಜದ್ರೋಜ್ನ್ಯಾಕ್ ಅನ್ನುವ ಎಂಜಿನಿಯರ್ 2011ರಲ್ಲಿ ಎರಡೇ ಫ್ಲಾಪಿ ಡ್ರೈವಿನಿಂದ ಶುರು ಮಾಡಿದರು. 2022ರ ಹೊತ್ತಿಗೆ ಅವರ ವಾದ್ಯದಲ್ಲಿ 512 ಫ್ಲಾಪಿ ಡ್ರೈವ್, 16 ಹಾರ್ಡ್ ಡಿಸ್ಕ್, 4 ಸ್ಕ್ಯಾನರ್ ಇದ್ದವು. ಎಲ್ಲರಿಗೂ ಗೊತ್ತಿರುವ ಹಾಡುಗಳನ್ನು ನುಡಿಸುತ್ತಾರೆ. ನಾವೂ ಎಲ್ಲರಿಗೂ ಗೊತ್ತಿರುವ ಒಂದು ಕನ್ನಡ ಹಾಡನ್ನು ಹಾಕಿದರೆ ಜನ ಓಡಿ ಬರುತ್ತಾರೆ ಅಲ್ವಾ?


ಮಂಡ್ಯ_ರಿಪೇರಿ
ಭಾನುವಾರ, ರಾತ್ರಿ 10.32

ಎರಡು ಫ್ಲಾಪಿ ಡ್ರೈವ್ ಇವೆ ತಮ್ಮಾ, ಈಗಲೇ ನೋಡಿದೆ. ಆದರೆ ಹಾಡು ಬೇಡ ಅನ್ನಿಸುತ್ತದೆ. ಹಾಡು ಬಂದ ಕೂಡಲೇ ಜನ ಹಾಡು ಕೇಳುತ್ತಾರೆ, ಡ್ರೈವಿನ ಸದ್ದು ಕೇಳಿಸಿಕೊಳ್ಳುವುದಿಲ್ಲ. "ಅರೆ, ಎಷ್ಟು ಚೆನ್ನಾಗಿ ಹಾಡುತ್ತೆ" ಅಂದು ಹೊರಟುಬಿಡುತ್ತಾರೆ. ಅಪ್ಪ ಹೊರಗೆ ಕೂತು ಕೇಳಿದರಲ್ಲ, ಹಾಗೆ ಕೇಳಬೇಕು. ನೀವು ಹೇಳಿದ ಆ ಬಿಕ್ಕಳಿಕೆ ಇದೆಯಲ್ಲ, ಅದು ಬೇಕು ನನಗೆ.


ಹಳೇ_ಪಿಕ್ಚರ್‌ಟ್ಯೂಬ್
ಸೋಮವಾರ, ಬೆಳಿಗ್ಗೆ 6.50

ತಾಯಿ, ಮೊದಲು ಜೀವದ ಮಾತು ಹೇಳಿಬಿಡುತ್ತೇನೆ, ಕಲೆ ಆಮೇಲೆ. ನಾನೂ ನಿಮ್ಮ ತಂದೆಯವರ ಕಸುಬಿನವನೇ. ಮೈಸೂರಿನಲ್ಲಿ 1984ರಿಂದ ಟಿವಿ ಬಿಚ್ಚಿದವನು.

ಆ 7 ಟಿವಿಗಳ ಹಿಂದಿನ ಮುಚ್ಚಳ ನೀವು ತೆಗೆಯಬೇಡಿ. ಬಣ್ಣದ ಪಿಕ್ಚರ್ ಟ್ಯೂಬಿಗೆ 20 ಸಾವಿರ ವೋಲ್ಟಿಗಿಂತ ಜಾಸ್ತಿ ಹೋಗುತ್ತದೆ. ಸ್ವಿಚ್ ಆಫ್ ಮಾಡಿ ಎಷ್ಟೋ ಹೊತ್ತಾದರೂ ಟ್ಯೂಬಿನಲ್ಲಿ ಚಾರ್ಜ್ ಉಳಿದಿರುತ್ತದೆ. ಟ್ಯೂಬಿಗೆ ಏಟು ಬಿದ್ದು ಒಡೆದರೆ ಗಾಜು ಒಳಕ್ಕೆ ಎಳೆದುಕೊಂಡು ಆಮೇಲೆ ಚಿಮ್ಮುತ್ತದೆ. ಗಾಜಿನಲ್ಲಿ ಸೀಸ ಇರುತ್ತದೆ. ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿಯನ್ನೂ ತೆರೆಯಬೇಡಿ. 230 ವೋಲ್ಟ್ ಒಳಗೆ ಹೋಗಿ ಡಿಸಿ ಆದಾಗ 325ರ ಹತ್ತಿರ ಬರುತ್ತದೆ, ಕೆಪಾಸಿಟರ್ ಅದನ್ನು ಹಿಡಿದುಕೊಂಡು ಕೂತಿರುತ್ತದೆ. ಯಾರಾದರೂ ಮೈಕ್ರೋವೇವ್ ಓವನ್ ತಂದುಕೊಟ್ಟರೆ ಕೈ ಮುಗಿದು ವಾಪಸ್ ಕಳಿಸಿ. ಉಬ್ಬಿದ ಮೊಬೈಲ್ ಬ್ಯಾಟರಿ ಒಂದೂ ಅಂಗಡಿಯೊಳಗೆ ಬರಕೂಡದು.

ಇಷ್ಟು ಹೇಳಿದ ಮೇಲೆ, ಟಿವಿ ಬೇಡ ಅಂತ ನಾನು ಹೇಳುತ್ತಿಲ್ಲ. ಮುಚ್ಚಳ ಹಾಕಿದ ಹಾಗೇ ಒಂದು ಟಿವಿ ಆನ್ ಮಾಡಿ ಇಡಿ. ಅದೊಂದು ಸಿಳ್ಳೆ ಹೊಡೆಯುತ್ತದೆ. ನಮ್ಮ ದೇಶದ ಹಳೇ ಟ್ಯೂಬ್ ಟಿವಿಯಲ್ಲಿ ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿ ನೋಡಿ, 15,625. ಸೆಕೆಂಡಿಗೆ ಅಷ್ಟು ಸಲ ಒಳಗಿನ ಟ್ರಾನ್ಸ್‌ಫಾರ್ಮರ್ ಸಣ್ಣಗೆ ನಡುಗುತ್ತದೆ. ಮಕ್ಕಳಿಗೆ ಚೆನ್ನಾಗಿ ಕೇಳಿಸುತ್ತದೆ. ವಯಸ್ಸಾದ ಹಾಗೆ ಅಷ್ಟು ಎತ್ತರದ ಸದ್ದು ಕಿವಿಗೆ ನಿಂತುಹೋಗುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೀದಿಯಲ್ಲಿ ನಡೆಯುತ್ತಾ ಯಾವ ಮನೆಯಲ್ಲಿ ಟಿವಿ ಹಾಕಿದ್ದಾರೆ ಅಂತ ಆ ಸಿಳ್ಳೆಯಿಂದಲೇ ಹೇಳುತ್ತಿದ್ದೆ. ನನಗೆ ಅದು ಕೇಳಿಸದೆ ಈಗ ಇಪ್ಪತ್ತು ವರ್ಷ ಆಯಿತು. ನಿಮ್ಮ ಪ್ರದರ್ಶನಕ್ಕೆ ಮೊಮ್ಮಗಳನ್ನು ಕರೆದುಕೊಂಡು ಬರುತ್ತೇನೆ. ಕೇಳಿಸುತ್ತಿದೆಯಾ ಅಂತ ಅವಳನ್ನು ಕೇಳಬೇಕು.


ಒಂಟಿಕೊಪ್ಪಲ್_ನಿವಾಸಿ
ಸೋಮವಾರ, ಬೆಳಿಗ್ಗೆ 9.05

ಬೇಸರ ಮಾಡಿಕೊಳ್ಳಬೇಡಿ, ಒಂದು ನೇರ ಪ್ರಶ್ನೆ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ಕಸ ಹುಟ್ಟಿತು ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಸರಿಯಾಗಿ ಸಂಗ್ರಹಿಸಿ ಮರುಬಳಕೆ ಆಯಿತು ಅಂತ ದಾಖಲಾದದ್ದು ಶೇಕಡ 22.3 ಮಾತ್ರ. ಇದರ ಮುಂದೆ 19 ಟೇಪ್ ರೆಕಾರ್ಡರ್ ಯಾವ ಲೆಕ್ಕ? ಕಲೆ ಅಂತ ಹೆಸರಿಟ್ಟರೆ ಕಸ ಕಡಿಮೆ ಆಗುತ್ತದಾ? ಇಂಥ ಪ್ರದರ್ಶನಗಳಲ್ಲಿ ಕಸವನ್ನು ಚೆಂದ ಮಾಡಿ ತೋರಿಸಿ, ಮುಗಿದ ಮೇಲೆ ಅದೇ ಕಸವನ್ನು ಹಾಲ್ ಹಿಂದೆ ಸುರಿದು ಹೋದದ್ದನ್ನು ನಾನೇ ನೋಡಿದ್ದೇನೆ.


ಮಂಡ್ಯ_ರಿಪೇರಿ
ಸೋಮವಾರ, ಬೆಳಿಗ್ಗೆ 9.48

ಬೇಸರ ಇಲ್ಲ ಸಾರ್. ಕಡಿಮೆ ಆಗುವುದಿಲ್ಲ. ಒಂದು ಕೇಜಿಯೂ ಕಡಿಮೆ ಆಗುವುದಿಲ್ಲ. ಅದಕ್ಕೇ ಮೊದಲ ಪೋಸ್ಟಿನಲ್ಲೇ ಮುಗಿದ ಮೇಲೆ ಎಲ್ಲಿಗೆ ಕಳಿಸಬೇಕು ಅಂತ ಕೇಳಿದ್ದು. ನನ್ನ ಕೆಲಸ ಕಸಕ್ಕೆ ಪರಿಹಾರ ಅಂತ ನಾನು ಎಲ್ಲೂ ಹೇಳುವುದಿಲ್ಲ. ಇವು ಹೋಗುವ ಮೊದಲು ಒಮ್ಮೆ ಕೇಳಿಸಿಕೊಳ್ಳಬೇಕು ಅನ್ನುವುದಷ್ಟೇ. ಹಾಲ್ ಹಿಂದೆ ಸುರಿದು ಹೋಗುವುದು ನಮ್ಮಲ್ಲಿ ಆಗಲ್ಲ. ಬೇಕಾದರೆ ಕೊನೆಯ ದಿನ ನೀವೇ ಬಂದು ಪಟ್ಟಿ ಹಿಡಿದು ಎಣಿಸಿ, ನಿಜವಾಗಿ ಕರೆಯುತ್ತಿದ್ದೇನೆ.


ಗುಜರಿ_ಹುಡುಗ
ಸೋಮವಾರ, ಮಧ್ಯಾಹ್ನ 2.20

ಮೈಸೂರಿನ ಮಂಡಿ ಮೊಹಲ್ಲಾ ಕಡೆ ನಮ್ಮ ಗುಜರಿ ಅಂಗಡಿ. ಅಜ್ಜನ ಕಾಲದ್ದು. ಅಕ್ಕ ಬರೆದದ್ದನ್ನು ನಮ್ಮಣ್ಣನಿಗೆ ಓದಿ ಹೇಳಿದೆ, ಅವನೂ ಕೂತು ಕೇಳಿದ.

ನಮ್ಮ ಕೆಲಸದಲ್ಲೂ ಕಿವಿ ಬೇಕು. ಗಾಡಿಯಲ್ಲಿ ಬಂದ ಮಾಲನ್ನು ನೆಲಕ್ಕೆ ಸುರಿದಾಗಲೇ ಅರ್ಧ ಗೊತ್ತಾಗುತ್ತದೆ. ಅಲ್ಯೂಮಿನಿಯಂ ಬಿದ್ದರೆ ಒಂದು ಸದ್ದು, ಬೀಡು ಕಬ್ಬಿಣ ಬಿದ್ದರೆ ಒಂದು ಸದ್ದು. ಹಿತ್ತಾಳೆ ಬಿದ್ದರೆ ಅಂಗಡಿಯ ಕೊನೆಯಲ್ಲಿ ಕೂತವನೂ ತಲೆ ಎತ್ತುತ್ತಾನೆ. ಹಾರ್ಡ್ ಡಿಸ್ಕ್ ಬಿಚ್ಚಿದರೆ ಒಳಗೆ ಕನ್ನಡಿ ಹಾಗೆ ಹೊಳೆಯುವ ತಟ್ಟೆ ಸಿಗುತ್ತದೆ. ನಡುವಿನ ತೂತಿಗೆ ದಾರ ಕಟ್ಟಿ ನೇತುಹಾಕಿ, ಸ್ಕ್ರೂ ಡ್ರೈವರ್ ಹಿಡಿಕೆಯಿಂದ ಮೆಲ್ಲಗೆ ತಟ್ಟಿ ನೋಡಿ. ಕಂಸಾಳೆಯ ಮರಿ ಅನ್ನಬೇಕು, ಹಾಗೆ ಎಳೆಯುತ್ತದೆ ನಾದ. ಆದರೆ ಹುಷಾರು. ದೊಡ್ಡ ಕಂಪ್ಯೂಟರಿನ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ಅಲ್ಯೂಮಿನಿಯಂ. ಲ್ಯಾಪ್‌ಟಾಪಿನ ಸಣ್ಣ ಡಿಸ್ಕಿನದು ಬಹುಪಾಲು ಗಾಜು, ಬಗ್ಗಿಸಿದರೆ ಪುಡಿಪುಡಿಯಾಗಿ ಕಣ್ಣಿಗೆ ಹಾರುತ್ತದೆ. ನನ್ನ ಕೈಯಲ್ಲೇ ಒಮ್ಮೆ ಆಗಿದೆ.

ಟೇಪ್ ರೆಕಾರ್ಡರ್ ಯಾರಿಗೂ ಬೇಡ. ಪ್ಲಾಸ್ಟಿಕ್ ಜಾಸ್ತಿ, ತಾಮ್ರ ಕಡಿಮೆ. ಬೋರ್ಡಿಗೆ ಬೆಲೆ ಇದೆ, ಟ್ರಾನ್ಸ್‌ಫಾರ್ಮರಿಗೆ ಇದೆ. ಟಿವಿ ಟ್ಯೂಬ್ ಅಂದರೆ ಎಲ್ಲರೂ ಕೈ ಹಿಂದೆ ತೆಗೆದುಕೊಳ್ಳುತ್ತಾರೆ. ಕೆಲವು ಕಡೆ ವೈರು ಸುಟ್ಟು ತಾಮ್ರ ತೆಗೆಯುತ್ತಾರೆ. ಆ ಹೊಗೆ ಕುಡಿದವರನ್ನು ನಾನು ಬಲ್ಲೆ. ನಮ್ಮಲ್ಲಿ ಅಣ್ಣ ಅದನ್ನು ನಿಲ್ಲಿಸಿದ್ದಾನೆ. ಬ್ಲೇಡಿನಲ್ಲಿ ಸುಲಿಯುತ್ತೇವೆ, ಹೊತ್ತು ಹಿಡಿಯುತ್ತದೆ.

ಇ-ಕಸಕ್ಕೆ 2022ರಲ್ಲಿ ಹೊಸ ನಿಯಮ ಆಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನೋಂದಣಿ ಆದ ಮರುಬಳಕೆ ಘಟಕಕ್ಕೇ ಹೋಗಬೇಕು. ನಿಮ್ಮ ಮಾಲನ್ನು ಅಂಥಲ್ಲಿಗೆ ತಲುಪಿಸುವ ಜವಾಬ್ದಾರಿ ನಮಗೆ ಬಿಡಿ. ಟ್ಯೂಬ್ ಒಡೆಯದ ಹಾಗೆ ಗಾಡಿಗೆ ಏರಿಸುವುದೂ ನಮಗೆ ಗೊತ್ತು. ಬದಲಿಗೆ ಒಂದು ಆಸೆ. ಆ ತಟ್ಟೆಗಳನ್ನು ನೇತುಹಾಕುವ ಕೆಲಸ ನನಗೆ ಕೊಡಿ.


ಘಟಂ_ಮೇಷ್ಟ್ರು
ಸೋಮವಾರ, ಸಂಜೆ 6.10

ನಾನು ಮಕ್ಕಳಿಗೆ ಮೃದಂಗ, ಘಟ ಹೇಳಿಕೊಡುವವನು. ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ಘಟವೂ ಅಡುಗೆಮನೆಯ ಮಡಕೆಯ ಜಾತಿಯದೇ. ಜಲತರಂಗ ಪಿಂಗಾಣಿ ಬಟ್ಟಲು. ಆದ್ದರಿಂದ ವಸ್ತು ಯಾವುದು ಅನ್ನುವುದರಲ್ಲಿ ನನಗೆ ಜಗಳ ಇಲ್ಲ. ಆದರೆ ಘಟಕ್ಕೆ ಶ್ರುತಿ ಇದೆ. ಬಟ್ಟಲಿಗೆ ನೀರು ಹಾಕಿ ಸ್ವರಕ್ಕೆ ಕೂರಿಸುತ್ತಾರೆ. ಕೈಗೆ ವರ್ಷಗಟ್ಟಲೆ ಸಾಧನೆ ಇದೆ. ಹತ್ತೊಂಬತ್ತು ಮೋಟರ್ ಒಟ್ಟಿಗೆ ಗುಂಯ್ ಅಂದರೆ ಅದು ಗದ್ದಲ. ಗದ್ದಲಕ್ಕೆ ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಸಾಕಲ್ಲವೇ? ಆಧಾರ ಶ್ರುತಿ ಎಲ್ಲಿ ಅನ್ನುವುದನ್ನು ಮೊದಲು ಹುಡುಕಿ.


ಕಾವೇರಿ_ಟೀಚರ್
ಸೋಮವಾರ, ರಾತ್ರಿ 8.30

ಶ್ರೀರಂಗಪಟ್ಟಣದ ಹತ್ತಿರ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹೋದ ವರ್ಷ ಏಳನೇ ಕ್ಲಾಸಿನವರ ಜೊತೆ ಮಾಡಿದ ಒಂದು ಕೆಲಸ ಹೇಳುತ್ತೇನೆ, ನಿಮಗೆ ಉಪಯೋಗ ಆಗಬಹುದು.

ಜಾತ್ರೆಯಲ್ಲಿ ಕೊಂಡು ಕೆಟ್ಟುಹೋದ ಆಟದ ಮೊಬೈಲ್, ಕೀಬೋರ್ಡ್, ಹಾಡುವ ಗೊಂಬೆ ತರಲು ಹೇಳಿದೆ. ಮೂವತ್ತರ ಹತ್ತಿರ ಬಂದವು. ಎಲ್ಲ ಸೆಲ್ ಹಾಕುವಂಥವು, ಕರೆಂಟಿಗೆ ಹಾಕುವಂಥದ್ದು ಒಂದೂ ಇರಲಿಲ್ಲ. ಈ ನಿಯಮ ಮುರಿಯಲೇಬಾರದು. ಹಿಂಬದಿ ತೆಗೆದು, ಬೋರ್ಡಿನ ಮೇಲೆ ಒದ್ದೆ ಬೆರಳು ಇಟ್ಟು ಓಡಿಸಲು ಹೇಳಿದೆ. ಬೆರಳಿನ ತೇವ ಎರಡು ಜಾಗವನ್ನು ಸೇರಿಸಿದ ಕೂಡಲೇ ಗೊಂಬೆಯ ಹಾಡು ಇಳಿಯುತ್ತದೆ, ಏರುತ್ತದೆ, ಕೆಲವೊಮ್ಮೆ ಕೋಳಿ ಹಾಗೆ ಕೂಗುತ್ತದೆ. ಒತ್ತಿದಷ್ಟೂ ಬದಲಾಗುತ್ತದೆ. ಸಿಕ್ಕಿದ ಜಾಗಕ್ಕೆ ಸ್ಕೆಚ್ ಪೆನ್ನಿನಲ್ಲಿ ಚುಕ್ಕೆ. ಆ ಚುಕ್ಕೆಗಳಿಗೆ ವೈರು ಬೆಸುಗೆ ಹಾಕಿ ಹೊರಗೆ ತಂದು, ಎರಡು ಸ್ಟೀಲ್ ಚಮಚಕ್ಕೆ ಕಟ್ಟಿದೆವು. ಒಂದು ಚಮಚ ಒಬ್ಬಳ ಕೈಯಲ್ಲಿ, ಇನ್ನೊಂದು ಅವಳ ಗೆಳತಿಯ ಕೈಯಲ್ಲಿ. ಇಬ್ಬರೂ ಕೈ ಹಿಡಿದುಕೊಂಡರೆ ಗೊಂಬೆಯ ದನಿ ಬದಲಾಗುತ್ತಿತ್ತು.

ಅಮೆರಿಕದ ಸಿನ್ಸಿನಾಟಿಯ ರೀಡ್ ಗಜಾಲಾ ಅನ್ನುವವರಿಗೆ ಇದು 1960ರ ದಶಕದಲ್ಲಿ ಅಕಸ್ಮಾತ್ ಸಿಕ್ಕಿತು. ಮೇಜಿನ ಡ್ರಾಯರಿನಲ್ಲಿ ಹಿಂಬದಿ ಮುಚ್ಚಳ ಇಲ್ಲದ ಸಣ್ಣ ಆ್ಯಂಪ್ಲಿಫೈಯರ್ ಇತ್ತು. ಒಳಗಿನ ಲೋಹದ ಸಾಮಾನು ತಾಗಿ ಶಾರ್ಟ್ ಆಗಿ ವಿಚಿತ್ರ ಸದ್ದು ಬಂತು. ಮುಂದೆ 1992ರಲ್ಲಿ ಅವರೇ ಇದಕ್ಕೆ ಸರ್ಕ್ಯೂಟ್ ಬೆಂಡಿಂಗ್ ಅಂತ ಹೆಸರು ಕೊಟ್ಟರು.

ಮೇಷ್ಟ್ರೇ, ನಿಮ್ಮ ಮಾತು ಗೌರವದಿಂದ ಓದಿದೆ. ನಮ್ಮ ಮಕ್ಕಳಲ್ಲಿ ಒಬ್ಬಳಿಗೆ ಓದು ಬಹಳ ಕಷ್ಟ. ಅಂದು ಮೊದಲ ಸಲ ಅವಳು ಒಂದೂವರೆ ಗಂಟೆ ಒಂದೇ ಕಡೆ ಕೂತಿದ್ದನ್ನು ನೋಡಿದೆ. ಅವಳಿಗೆ ಶ್ರುತಿ ಗೊತ್ತಿರಲಿಲ್ಲ. ಆದರೆ ಒಂದು ಚುಕ್ಕೆಯನ್ನು ಹುಡುಕಿ, ಅದೇ ಸದ್ದು ಮತ್ತೆ ಬರುವವರೆಗೂ ಬಿಡಲಿಲ್ಲ.


ಕಾಯಿಲ್_ನಡಿಗೆ
ಸೋಮವಾರ, ರಾತ್ರಿ 11.00

ನಾನು ಸಂಗೀತದವನಲ್ಲ, ನಡೆಯುವವನು. ಹಳೇ ಸ್ಟೆಬಿಲೈಜರಿನ ರಿಲೇಯಿಂದ (ಕರೆಂಟಿನಿಂದ ತೆರೆದು ಮುಚ್ಚುವ ಸ್ವಿಚ್) ತೆಗೆದ ಕಾಯಿಲನ್ನು, ಅಂದರೆ ತಂತಿ ಸುರುಳಿಯನ್ನು, ಸಣ್ಣ ಆ್ಯಂಪ್ಲಿಫೈಯರಿಗೆ ಸೇರಿಸಿ, ಹೆಡ್‌ಫೋನ್ ಹಾಕಿಕೊಂಡು ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಓಡಾಡುತ್ತೇನೆ. ಕಾಯಿಲಿಗೆ ಗಾಳಿಯ ಸದ್ದು, ಜನರ ಮಾತು ಯಾವುದೂ ಕೇಳಿಸುವುದಿಲ್ಲ. ಕರೆಂಟು ಹರಿಯುವುದು ಮಾತ್ರ ಕೇಳಿಸುತ್ತದೆ. ಎಲ್‌ಇಡಿ ಬೋರ್ಡು ಜೀರುಂಡೆ ಹಾಗೆ ಕೊರೆಯುತ್ತದೆ. ಎಟಿಎಂ ಬಾಗಿಲಿನ ಹತ್ತಿರ ಟಿಕ್ ಟಿಕ್. ಸೀರೆ ಅಂಗಡಿಯ ಯುಪಿಎಸ್ ಗುಡುಗುತ್ತದೆ. ಜರ್ಮನಿಯ ಕ್ರಿಸ್ಟಿನಾ ಕುಬಿಶ್ ಇಂಥ ಕಾಯಿಲ್ ಇರುವ ಹೆಡ್‌ಫೋನನ್ನೇ ಮಾಡಿ ಎಷ್ಟೋ ಊರುಗಳಲ್ಲಿ ಜನರನ್ನು ನಡೆಸಿದ್ದಾರೆ.

ನಿಮ್ಮ ಅಂಗಡಿಗೆ ನಾಲ್ಕು ಕಾಯಿಲ್ ತಂದುಕೊಡುತ್ತೇನೆ. ಬಂದವರ ಕೈಗೆ ಕೊಡಿ. ಸುಮ್ಮನಿರುವ ಚಾರ್ಜರ್, ಮೀಟರ್ ಬೋರ್ಡು, ಎಲ್ಲದರ ಮುಂದೆಯೂ ಹಿಡಿದು ನೋಡಲಿ.


ಮಂಡ್ಯ_ರಿಪೇರಿ
ಮಂಗಳವಾರ, ರಾತ್ರಿ 9.15

ಇಷ್ಟು ಜನ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಅಪ್ಪನಿಗೆ ಓದಿ ಹೇಳುತ್ತಿದ್ದೇನೆ. ಪಿಕ್ಚರ್‌ಟ್ಯೂಬ್ ಸಾರ್ ಬರೆದ ಸಿಳ್ಳೆ ಮಾತು ಕೇಳಿ, "ಹೌದು, ನನಗೂ ನಿಂತುಹೋಗಿದೆ" ಅಂದರು.

ಇವತ್ತು ಒಂದು ಸಿಕ್ಕಿತು. ಅಪ್ಪನ ಟೆಸ್ಟ್ ಕ್ಯಾಸೆಟ್. ರಿಪೇರಿ ಆದ ಸೆಟ್ಟಿಗೆಲ್ಲ ಅದನ್ನೇ ಹಾಕಿ ನೋಡುತ್ತಿದ್ದರು. ಅದರಲ್ಲಿ ಹಾಡಿಲ್ಲ. ಅವರದೇ ದನಿ, ಬಹಳ ಹಳೆಯದು, ನಾನು ಹುಟ್ಟುವ ಮೊದಲಿನದು. "ಒಂದು, ಎರಡು, ಮೂರು" ಅಂತ ಹತ್ತರವರೆಗೆ ನಿಧಾನಕ್ಕೆ ಎಣಿಸುತ್ತಾರೆ. ಆಮೇಲೆ "ಸಕ್ಕರೆ, ಸಾಸಿವೆ, ಸೀಸೆ, ಸುಣ್ಣ, ಸೂಜಿ". ಯಾಕೆ ಈ ಪದ ಅಂತ ಕೇಳಿದೆ. ಎಣಿಸುವುದು ಸ್ಪೀಡ್ ನೋಡುವುದಕ್ಕೆ. "ಸ" ನೋಡುವುದು ಹೆಡ್ (ಟೇಪ್ ಓದುವ ಭಾಗ) ನೆಟ್ಟಗಿದೆಯಾ ಅಂತ. ಹೆಡ್ ಕೂದಲೆಳೆಯಷ್ಟು ಓರೆ ಆದರೂ ಮೊದಲು ಸಾಯುವುದು "ಸ" ಅಕ್ಷರ ಅಂದರು.

ಈಗ ನನ್ನ ಯೋಚನೆ ಹೀಗಿದೆ. ಕೊರಿಯಾದಲ್ಲಿ ಹುಟ್ಟಿದ ನಾಮ್ ಜೂನ್ ಪೈಕ್ 1963ರಲ್ಲಿ ಜರ್ಮನಿಯ ಒಂದು ಪ್ರದರ್ಶನದಲ್ಲಿ ಟೇಪನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದರು. ಬಂದವರು ಟೇಪ್ ಹೆಡ್ಡನ್ನು ಕೈಯಲ್ಲಿ ಹಿಡಿದು ಅದರ ಮೇಲೆ ಓಡಿಸಿ ಕೇಳುತ್ತಿದ್ದರು. ನಾನೂ ಪ್ಲೈವುಡ್ ಹಲಗೆ ಮೇಲೆ ಅಪ್ಪನ ದನಿಯ ಟೇಪ್ ಅಂಟಿಸಬೇಕು ಅಂತಿದ್ದೇನೆ. ಅಸಲನ್ನು ಕತ್ತರಿಸುವುದಿಲ್ಲ, ಇನ್ನೊಂದು ಕ್ಯಾಸೆಟ್ಟಿಗೆ ಕಾಪಿ ಮಾಡಿ ಅದನ್ನು ಬಳಸುತ್ತೇನೆ. ಹೆಡ್ಡನ್ನು ಹೊರಗೆ ತೆಗೆದರೆ ಗುಂಯ್ ಅನ್ನುವುದು ಜಾಸ್ತಿ ಆಗುತ್ತಿದೆ. ಏನು ಮಾಡಲಿ?


ಹಳೇ_ಪಿಕ್ಚರ್‌ಟ್ಯೂಬ್
ಬುಧವಾರ, ಬೆಳಿಗ್ಗೆ 7.05

ಶೀಲ್ಡ್ ವೈರ್ ಹಾಕಿ, ಮೇಲಿನ ಜಾಲರಿಯನ್ನು ಹೆಡ್ಡಿನ ಲೋಹದ ಮೈಗೂ ಬೋರ್ಡಿನ ನೆಗೆಟಿವ್‌ಗೂ ಸೇರಿಸಿ. ವೈರು ಒಂದು ಮೀಟರಿಗಿಂತ ಉದ್ದ ಬೇಡ. ಸೆಟ್ಟನ್ನು ಸೆಲ್ ಮೇಲೆ ಓಡಿಸಿ, ಟ್ರಾನ್ಸ್‌ಫಾರ್ಮರಿನ ಗುಂಯ್ ಹೋಗುತ್ತದೆ, ಬಂದವರಿಗೂ ಶಾಕಿನ ಭಯ ಇಲ್ಲ. ಹೆಡ್ಡನ್ನು ಸ್ಪಿರಿಟ್ ಹಾಕಿ ಹತ್ತಿಯಲ್ಲಿ ಒರೆಸಿ. ಕ್ಯಾಸೆಟ್ಟಿನಲ್ಲಿ ಹೆಡ್ಡಿಗೆ ತಾಗುವ ಬದಿ ಮೇಲೆ ಬರಬೇಕು, ತಪ್ಪಿ ಮಗುಚಿ ಅಂಟಿಸಬೇಡಿ.

ಟೇಪಿನ ಅಗಲ 4 ಮಿಲಿಮೀಟರೂ ಇಲ್ಲ, ಅದರಲ್ಲೇ ಎರಡು ಬದಿಯ ರೆಕಾರ್ಡಿಂಗ್ ಇರುತ್ತದೆ. ಕೈ ಸ್ವಲ್ಪ ಜಾರಿದರೆ ಇನ್ನೊಂದು ಬದಿ ಉಲ್ಟಾ ಕೇಳಿಸುತ್ತದೆ. ಟೇಪಿನ ಪಕ್ಕಕ್ಕೆ ತೆಳ್ಳಗಿನ ಮರದ ಪಟ್ಟಿ ಹೊಡೆಯಿರಿ, ಹೆಡ್ ಅದಕ್ಕೆ ಒರಗಿಕೊಂಡು ಓಡಲಿ. ಕ್ಯಾಸೆಟ್ಟಿನ ಓಟ ಸೆಕೆಂಡಿಗೆ 4.76 ಸೆಂಟಿಮೀಟರ್. ಒಂದು ಮೀಟರ್ ಟೇಪಿಗೆ 21 ಸೆಕೆಂಡಿನ ಮಾತು. ಎರಡು ಮೀಟರ್ ಹಲಗೆ ಸಾಕು ನಿಮಗೆ.

"ಸ" ಮಾತು ಓದಿ ನಿಮ್ಮ ತಂದೆಯವರನ್ನು ನೋಡಬೇಕು ಅನ್ನಿಸಿತು. ನಾವು ಆ ಕೆಲಸಕ್ಕೆ ಹಾಡಿನ ಕ್ಯಾಸೆಟ್ಟನ್ನೇ ಬಳಸುತ್ತಿದ್ದೆವು. ಈ ಯೋಚನೆ ನಮಗೆ ಬರಲೇ ಇಲ್ಲ.


ಘಟಂ_ಮೇಷ್ಟ್ರು
ಗುರುವಾರ, ರಾತ್ರಿ 10.20

ಎರಡು ದಿನ ನಿಮ್ಮ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ನೆನ್ನೆ ರಾತ್ರಿ ಮನೆ ಹತ್ತಿರದ ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತು ಅದರ ಗುಂಯ್ ಕೇಳಿದೆ. ಶ್ರುತಿ ಪೆಟ್ಟಿಗೆ ಆ್ಯಪ್ ಹಾಕಿ ಹೋಲಿಸಿದೆ. ಹಾರ್ಮೋನಿಯಂನ ಐದು ಮನೆ ಶ್ರುತಿಗಿಂತ ಒಂದು ಕೂದಲು ಏರು. ಸ್ಟೆಪರ್ ಹುಡುಗನಿಗೆ ಫೋನ್ ಮಾಡಿ ಲೆಕ್ಕ ಕೇಳಿದೆ. ನಮ್ಮ ಕರೆಂಟು 50 ಹರ್ಟ್ಜ್. ಸೆಕೆಂಡಿಗೆ 50 ಸಲ ಆ ಕಡೆ, ಈ ಕಡೆ ಹೋಗುವಾಗ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಎರಡು ಕಡೆಗೂ ಒಮ್ಮೊಮ್ಮೆ ಹಿಗ್ಗಿ ಕುಗ್ಗುತ್ತದೆ, ಅದಕ್ಕೆ ಗುಂಯ್ ಅನ್ನುವುದು 100 ಅಂತ ಹೇಳಿದ. ಅದನ್ನೇ ಷಡ್ಜ, ಅಂದರೆ ಸ, ಅಂತ ಇಟ್ಟುಕೊಂಡೆ. ಊರೆಲ್ಲ ಒಂದೇ ಶ್ರುತಿಯಲ್ಲಿ ಗುನುಗುತ್ತಿದೆ ಅಂತ ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ಮುಂದೆ ಕೇಳಿ. ಹಾರ್ಡ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು ಅಂದರೆ ಸೆಕೆಂಡಿಗೆ 120. ನೂರಕ್ಕೆ ನೂರಿಪ್ಪತ್ತು, ಐದಕ್ಕೆ ಆರು. ಅದು ಸಾಧಾರಣ ಗಾಂಧಾರ! ಇನ್ನೊಂದು ಜಾತಿಯ ಡಿಸ್ಕ್ 5400 ಸುತ್ತು, ಸೆಕೆಂಡಿಗೆ 90. ಅದರ ಎರಡರಷ್ಟು, ಅಂದರೆ ಮೇಲಿನ ಸ್ಥಾಯಿ, 180. ಐದಕ್ಕೆ ಒಂಬತ್ತು, ಕೈಶಿಕಿ ನಿಷಾದ. ಸ, ಗ, ನಿ ಮೂರು ಸ್ವರ ಯಾರೂ ಶ್ರುತಿ ಮಾಡದೆ ತಾವಾಗಿಯೇ ಕೂತಿವೆ. ಇದು ಖರಹರಪ್ರಿಯ ರಾಗವೋ ತೋಡಿ ರಾಗವೋ, ರಿ ಬರುವವರೆಗೂ ಹೇಳಲು ಆಗುವುದಿಲ್ಲ. ಫ್ಲಾಪಿಯನ್ನು 150ಕ್ಕೆ ಇಟ್ಟರೆ ಪಂಚಮ ಸಿಗುತ್ತದೆ.

ನಾನು ಗದ್ದಲ ಅಂದದ್ದು ಕೇಳದೇ ಆಡಿದ ಮಾತು. ನನ್ನ ಹತ್ತಿರ ಕೆಟ್ಟ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಒಂದಿದೆ. ತರುತ್ತೇನೆ. ಘಟವನ್ನೂ ತರುತ್ತೇನೆ, ನುಡಿಸುವುದೋ ಬೇಡವೋ ಅಲ್ಲಿ ಬಂದ ಮೇಲೆ ನೋಡೋಣ.


ಸ್ಟೆಪರ್_ಮೋಟರ್
ಗುರುವಾರ, ರಾತ್ರಿ 10.41

ಮೇಷ್ಟ್ರೇ, ಹಾಸ್ಟೆಲಿನಲ್ಲಿ ಈಗಲೇ 150ಕ್ಕೆ ಇಟ್ಟು, ಪಕ್ಕದಲ್ಲಿ 7200ರ ಡಿಸ್ಕ್ ಓಡಿಸಿದೆ. ರೂಮಿನವರು ಮೂರು ಜನ ಓದುವುದು ಬಿಟ್ಟು ಬಂದು ಕೂತಿದ್ದಾರೆ. ಅಕ್ಕ, ಹಾಡಿನ ಯೋಚನೆ ಬಿಟ್ಟೆ.

ಇನ್ನೊಂದು ವಿಷಯ. ಜಪಾನಿನ ಏಯ್ ವಾಡಾ ಹಳೇ ಟೇಬಲ್ ಫ್ಯಾನಿನಿಂದ ವಾದ್ಯ ಮಾಡಿದ್ದಾರೆ. ಫ್ಯಾನಿಗೆ ತೂತಿರುವ ತಟ್ಟೆ ಹಾಕಿ, ಒಂದು ಕಡೆ ಬಲ್ಬು, ಇನ್ನೊಂದು ಕಡೆ ಬೆಳಕು ಹಿಡಿಯುವ ಸೆನ್ಸರ್. ನಾವು ಹಳೇ ಸೋಲಾರ್ ದೀಪದ ಪ್ಲೇಟನ್ನೇ ಆ್ಯಂಪ್ಲಿಫೈಯರಿಗೆ ಸೇರಿಸಿದರೆ ಸಾಕು. ಫ್ಯಾನು ಸೆಕೆಂಡಿಗೆ 20 ಸುತ್ತು, ತಟ್ಟೆಗೆ 12 ತೂತು ಅಂತಿಟ್ಟುಕೊಂಡರೆ 240 ಬರುತ್ತದೆ, ಅಂದರೆ ಡಿಸ್ಕಿನ ಗಾಂಧಾರದ ಮೇಲಿನ ಸ್ಥಾಯಿ. ಫ್ಯಾನ್ ಆಫ್ ಮಾಡಿದಾಗ ನಿಧಾನಕ್ಕೆ ಕೆಳಗಿಳಿಯುತ್ತಾ ಹೋಗುತ್ತದೆ. ಹೊರಗೆ ಜಾಲರಿ ಇರಲೇಬೇಕು, ಮಕ್ಕಳು ಬರುತ್ತಾರೆ.


ಗುಜರಿ_ಹುಡುಗ
ಶುಕ್ರವಾರ, ಬೆಳಿಗ್ಗೆ 11.30

14 ತಟ್ಟೆ ಆದವು. ಎಲ್ಲ ಅಲ್ಯೂಮಿನಿಯಂ. ಗಾಡಿ ಶನಿವಾರ ಬೆಳಿಗ್ಗೆ ಮಂಡ್ಯಕ್ಕೆ ಬರುತ್ತದೆ, ಯಾರಿಗಾದರೂ ಮೈಸೂರಿನಿಂದ ಸಾಮಾನು ಕಳಿಸುವುದಿದ್ದರೆ ಹೇಳಿ.


ಮಂಡ್ಯ_ರಿಪೇರಿ
ಮೂರು ವಾರದ ನಂತರ, ಸೋಮವಾರ, ರಾತ್ರಿ 11.20

ಮೂರು ಸಂಜೆ ಮುಗಿದವು. ಬಂದವರಿಗೆ ಗೊತ್ತು, ಬಾರದವರಿಗೆ ಹೇಳುತ್ತೇನೆ.

ಮೊದಲ ಸಂಜೆ ಅರ್ಧ ಕೆಟ್ಟಿತು. ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿದ್ದೆ, ಮೇಷ್ಟ್ರು ಮೊದಲು ಹೇಳಿದ ಗದ್ದಲವೇ ಆಯಿತು. ಜನ ಕಿವಿ ಮುಚ್ಚಿಕೊಂಡರು. ಎರಡನೇ ಸಂಜೆ ಪಿಕ್ಚರ್‌ಟ್ಯೂಬ್ ಸಾರ್ ಹೇಳಿದ ಹಾಗೆ ಒಂದು ಸಲಕ್ಕೆ ಮೂರೇ ಸೆಟ್. ಮಿಕ್ಕವು ಸುಮ್ಮನಿದ್ದವು. ಟ್ಯೂಬ್‌ಲೈಟ್ ಆರಿಸಿದೆವು. ಆಗ ಎಲ್ಲ ಬದಲಾಯಿತು. ಡಿಸ್ಕಿನ ಗಾಂಧಾರ ಶುರುವಾದಾಗ ಮೇಷ್ಟ್ರು ಘಟವನ್ನು ಮಡಿಲಿಗೆ ಎಳೆದುಕೊಂಡರು, ಆದರೆ ನುಡಿಸಲಿಲ್ಲ. ಬೆರಳು ಮಾತ್ರ ಬಾಯಿಯ ಅಂಚಿನ ಮೇಲೆ ಆಡುತ್ತಿತ್ತು. ಟೀಚರ್ ಕರೆದುಕೊಂಡು ಬಂದ ಆ ಹುಡುಗಿ ಕಾಯಿಲ್ ಹಿಡಿದು ಇಡೀ ಗೋಡೆ ತಡವಿ, ಒಳಗೆ ವೈರು ಎಲ್ಲೆಲ್ಲಿ ಹೋಗಿದೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಮುಚ್ಚಿದ ಟಿವಿಯ ಮುಂದೆ ಪಿಕ್ಚರ್‌ಟ್ಯೂಬ್ ಸಾರ್ ಮೊಮ್ಮಗಳು ಕೈ ಎತ್ತಿ, "ಕೇಳಿಸ್ತಿದೆ ತಾತ, ಈಗಲೂ ಕೇಳಿಸ್ತಿದೆ" ಅಂತ ಹೇಳುತ್ತಲೇ ಇದ್ದಳು.

ಇವತ್ತು ಬೆಳಿಗ್ಗೆ ಗುಜರಿ ತಮ್ಮ ಮತ್ತು ಅವರಣ್ಣ ಗಾಡಿ ತಂದರು. ಒಂಟಿಕೊಪ್ಪಲ್ ಸಾರ್ ನಿಜವಾಗಿಯೂ ಬಂದು ಪಟ್ಟಿ ಹಿಡಿದು ಎಣಿಸಿದರು. 7 ಟಿವಿಗೂ ಟ್ಯೂಬ್ ಒಡೆಯದ ಹಾಗೆ ಗೋಣಿಚೀಲ ಸುತ್ತಿದರು. ಚೀಟಿಗಳನ್ನೆಲ್ಲ ಬಿಚ್ಚಿ ನಾನು ಇಟ್ಟುಕೊಂಡೆ.

ಹಲಗೆ ವಿಷಯ ಕೊನೆಗೆ ಇಟ್ಟುಕೊಂಡಿದ್ದೆ. ಮೂರು ಸಂಜೆಯೂ ಎಲ್ಲರೂ ಹೆಡ್ ಹಿಡಿದು ಟೇಪ್ ಮೇಲೆ ಓಡಿಸಿದರು. ಕೆಲವರಿಗೆ ಅಪ್ಪ ಇಲಿ ಹಾಗೆ ಮಾತಾಡಿದರು, ಕೆಲವರಿಗೆ ಎಮ್ಮೆ ಹಾಗೆ. ಹಿಂದಕ್ಕೆ ಎಳೆದವರಿಗೆ ಯಾವುದೋ ಬೇರೆ ಭಾಷೆ ಕೇಳಿಸಿತು. ಎಣಿಸುವುದು ಹೇಗೋ ಸಿಗುತ್ತಿತ್ತು. "ಸಕ್ಕರೆ" ಮಾತ್ರ ಯಾರಿಗೂ ಬರಲಿಲ್ಲ. "ಅಕ್ಕರೆ" ಅಂತಲೋ "ಹಕ್ಕರೆ" ಅಂತಲೋ ಮಂಕಾಗಿ ಬರುತ್ತಿತ್ತು. ನನ್ನ ಕೈಗೂ ಹಾಗೇ.

ಅಪ್ಪ ಮೂರು ದಿನವೂ ಜಗಲಿ ಮೇಲೇ ಕೂತಿದ್ದರು. ನೆನ್ನೆ ರಾತ್ರಿ ಎಲ್ಲರೂ ಹೋದ ಮೇಲೆ ಒಳಗೆ ಬಂದರು. ಮೊದಲು ಹೆಡ್ಡನ್ನು ಬೆರಳಿನಲ್ಲಿ ಸವರಿ, "ಎಷ್ಟು ಜನ ಮುಟ್ಟಿದ್ದಾರೆ, ಒರೆಸಿಲ್ಲ" ಅಂದರು. ಸ್ಪಿರಿಟ್ ಕೇಳಿ ತೆಗೆದುಕೊಂಡು ತಾವೇ ಒರೆಸಿದರು. ಕನ್ನಡಕ ಹಾಕಿಕೊಳ್ಳಲಿಲ್ಲ. ಹೆಡ್ಡನ್ನು ಪಟ್ಟಿಗೆ ಒರಗಿಸಿ, ಮೊದಲ ಸಲ ಎಳೆದಾಗ ಮಂಕು. ನಿಲ್ಲಿಸಿದರು. ಹೆಬ್ಬೆರಳನ್ನು ಒಂದಿಷ್ಟು ಕೆಳಗೆ ಸರಿಸಿದರು. ಮತ್ತೆ ಎಳೆದರು. ಭುಜದಿಂದ ಎಳೆಯುತ್ತಿದ್ದರು, ಮಣಿಕಟ್ಟು ಅಲುಗಲಿಲ್ಲ.

ಸಕ್ಕರೆ. ಸಾಸಿವೆ. ಸೀಸೆ. ಸುಣ್ಣ. ಸೂಜಿ.

ಮೂರನೇ ಸಲ ಎಳೆದು, "ಸ್ಪೀಡ್ ಸರಿ ಇದೆ" ಅಂತ ಹೇಳಿ ಹೆಡ್ಡನ್ನು ಹತ್ತಿಯ ಮೇಲೆ ಇಟ್ಟರು.

ಹಲಗೆ ಗಾಡಿಗೆ ಹಾಕಲಿಲ್ಲ. ಮನೆಯಲ್ಲಿದೆ. ಪಿಕ್ಚರ್‌ಟ್ಯೂಬ್ ಸಾರ್, ಮುಂದಿನ ಭಾನುವಾರ ಊಟಕ್ಕೆ ಬನ್ನಿ ಅಂತ ಅಪ್ಪ ಹೇಳಿದ್ದಾರೆ. ಹೆಡ್ ಹಿಡಿದು ನೀವೂ ನೋಡಬೇಕಂತೆ.